ಪೆಮ್ಮಯ್ಯನವರ ಈಜಿಪ್ಟಿನ ನೆಂಟ

ನನ್ನ ಗಂಡ ಪೆಮ್ಮಯ್ಯನವರಿಗೆ ಸತ್ತವರೆಂದರೆ ಬಹಳ ಅಕ್ಕರೆ. ಒಂದೇ ಷರತ್ತು, ಸತ್ತವರು ನಮ್ಮವರಾಗಿರಬಾರದು.

ಇವರು ಸೈನ್ಯದ ಸರಬರಾಜು ವಿಭಾಗದಲ್ಲಿ ಮೇಜರ್ ಆಗಿ ನಿವೃತ್ತರಾದವರು. ಲಡಾಖಿನಿಂದ ತೇಜ್‌ಪುರದವರೆಗೆ ಜವಾನರಿಗೆ ರೊಟ್ಟಿ, ಮಾಂಸ, ಬೇಳೆ ತಲುಪಿಸಿಯೇ ಆಯುಷ್ಯ ಕಳೆಯಿತು. ಆಮೇಲೆ ದೇಶದ ರಾಜಧಾನಿಯಲ್ಲಿ, ವಸಂತ್ ಕುಂಜ್‌ನ ಈ ಫ್ಲ್ಯಾಟು. ತಲೆಯ ಮೇಲೆ ವಿಮಾನ, ಎದುರಿಗೆ ನಾನು. ಎರಡೂ ಇವರ ಮಾತು ಕೇಳುವುದಿಲ್ಲ. ಹೊತ್ತು ಹೋಗದೆ ಆನ್‌ಲೈನ್ ಕ್ಲಾಸಿಗೆ ಸೇರಿಕೊಂಡರು. ಏನು ಕಲಿಯಲು ಅಂತೀರಿ? ಪ್ರಾಚೀನ ಈಜಿಪ್ಟಿನ ಚಿತ್ರಲಿಪಿ! ಅರವತ್ತಕ್ಕೆ ಅರಳು ಮರಳು ಎನ್ನುತ್ತಾರೆ. ಇವರಿಗೆ ಎಪ್ಪತ್ತಕ್ಕೆ ಬಂತು, ತಡವಾಗಿದ್ದಕ್ಕೆ ಬಡ್ಡಿ ಸಮೇತ ಬಂತು.

ಊಟದ ಮೇಜಿನ ತುಂಬ ಗೂಬೆ. ಗೂಬೆ ಬರೆದರೆ ‘ಮ’ ಅಂತೆ. ಕೊಂಬಿನ ಹಾವು ಬರೆದರೆ ‘ಫ’ ಅಂತೆ. ಹಕ್ಕಿಗಳ ಮುಖ ಎತ್ತ ಇದೆಯೋ ಅತ್ತಲಿಂದ ಓದಬೇಕಂತೆ. ಇವರ ಗೂಬೆ ಎತ್ತ ನೋಡುತ್ತದೆ ಎಂದು ಆ ಗೂಬೆಗೇ ಗೊತ್ತಿರಲಿಲ್ಲ. ಹಾಲಿನ ಭಯ್ಯಾ ಒಂದು ದಿನ ಬಗ್ಗಿ ನೋಡಿ, “ಸಾಬ್, ಬಿಲ್ಲಿ ಅಚ್ಛೀ ಬನೀ ಹೈ” ಎಂದು ಬೆಕ್ಕನ್ನು ಹೊಗಳಿ ಹೋದ. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಇವರು ಸಂಜೆಯವರೆಗೆ ಮಾತಾಡಲಿಲ್ಲ.

ಮಾತು ಬಿಡುವುದು ಇವರಿಗೆ ಹೊಸದಲ್ಲ. ಅಣ್ಣ ತಿಮ್ಮಣ್ಣನವರ ಹತ್ತಿರವೂ ಬಿಟ್ಟಿದ್ದರು. ಅಪ್ಪನ ಕೋವಿ ಯಾರಿಗೆ ಎಂಬ ಜಗಳ. ಕೋವಿ ಹಿರಿಯವನ ಮನೆಯಲ್ಲೇ ಉಳಿಯಿತು. ಸೈನಿಕ ನಾನು, ಕೋವಿ ಅವನ ಗೋಡೆಯ ಮೇಲೆ ಎಂದು ಇವರಿಗೆ ಉರಿ. ಕಳೆದ ವರ್ಷ ವಿರಾಜಪೇಟೆಯಲ್ಲಿ ಅಣ್ಣ ತೀರಿಕೊಂಡಾಗ ಹೆಗಲು ಕೊಡಲೂ ಹೋಗಲಿಲ್ಲ. ಥೂ, ಅದೂ ಒಂದು ಶೌರ್ಯ.

ಈಗ ವರ್ಷದ ದಿನ ಹತ್ತಿರ ಬಂದಿತ್ತು. ಆ ದಿನ ಮೀದಿ ಇಡಬೇಕು. ತೀರಿಹೋದವರಿಗೆ ಎಲೆ ಹಾಕಿ, ರೊಟ್ಟಿ, ಮಾಂಸ, ಮದ್ಯ ಬಡಿಸಿ, ಹೆಸರು ಹಿಡಿದು ಕರೆಯುವುದು ನಮ್ಮ ಕೊಡವರ ಪದ್ಧತಿ. ತಿಮ್ಮಣ್ಣನವರಿಗೆ ಮಕ್ಕಳಿಲ್ಲ. ಹೆಂಡತಿ ಮಾಚಮ್ಮಕ್ಕ ಫೋನಿನಲ್ಲಿ ಅತ್ತರು.

“ತಮ್ಮನ ಕೈಯಿಂದ ಒಂದು ಎಲೆ ಬೀಳಲಿ ಪೂವಮ್ಮಾ. ನನ್ನ ಮುಖ ನೋಡುವುದೂ ಬೇಡ, ಬಡಿಸಿ ಹೋಗಲಿ.”

ನಾನು ಹೇಳಿದೆ. ಇವರು ತಲೆಯೆತ್ತಲಿಲ್ಲ.

“ಕೋವಿ ಇಟ್ಟುಕೊಂಡನಲ್ಲ, ಕೋವಿಯೇ ಬಡಿಸಲಿ” ಎಂದು ಗೂಬೆಗೆ ಕಣ್ಣು ಬರೆದರು.

ಅದೇ ವಾರ ಕ್ಲಾಸಿನಲ್ಲಿ ಯಾವುದೋ ಸಮಾಧಿಯ ಕಲ್ಲಿನ ಪಾಠ. ಕಲಿಸುವವಳು ಜನಕಪುರಿಯ ಹುಡುಗಿ ಚಿನ್ಮಯಿ. ಇವರು ಕುರ್ಚಿಯಿಂದ ಎದ್ದು ಕೂಗಿದರು. “ಪೂವೀ, ಇಲ್ನೋಡೇ! ಸಾವಿರ ರೊಟ್ಟಿ, ಸಾವಿರ ಬಿಯರು, ಎತ್ತು, ಕೋಳಿ! ಇದು ಪಕ್ಕಾ ನಮ್ಮ ರೇಷನ್ ಇಂಡೆಂಟ್, ಅದೇ ಬೇಡಿಕೆ ಪಟ್ಟಿ!” ಸತ್ತವನೊಬ್ಬ ಕಲ್ಲಿನ ಮೇಲೆ ತನ್ನ ಊಟ ಬರೆಸಿಟ್ಟಿದ್ದನಂತೆ. ದಾರಿಹೋಕರು ಬಾಯಿಬಿಟ್ಟು ಓದಿದರೆ ಸಾಕು, ಅವನಿಗೆ ತಲುಪುತ್ತದಂತೆ.

ಓದಿದರೆ ಸಾಕು ಎಂದರೂ ಕೊಡವನ ಕೈ ಕೇಳಬೇಕಲ್ಲ! ಮರುದಿನ ನಾನು ಮಾರ್ಕೆಟ್ಟಿನಿಂದ ಬರುವಾಗ ಬಾಲ್ಕನಿಯಲ್ಲಿ ಬಾಳೆಲೆ. ಅದರ ಮೇಲೆ ನಾನು ಸುಟ್ಟ ಅಕ್ಕಿರೊಟ್ಟಿ, ನನ್ನ ಕೋಳಿಸಾರು, ಪಕ್ಕದಲ್ಲಿ ಒಂದು ಲೋಟ ಮಿಲಿಟರಿ ಕ್ಯಾಂಟೀನಿನ ಬಿಯರು. ಇವರು ಕೈಮುಗಿದು ಆ ಈಜಿಪ್ಟಿನವನ ಹೆಸರು ಓದುತ್ತಿದ್ದಾರೆ.

ನನಗೆ ಮೈಯೆಲ್ಲ ಉರಿದುಹೋಯಿತು. “ಮನೆಗೆ ಮಾರಿ, ಊರಿಗೆ ಉಪಕಾರಿ! ಅಲ್ಲಿ ಒಡಹುಟ್ಟಿದವನು ಖಾಲಿ ಎಲೆ ಮುಂದೆ ಕೂತಿದ್ದಾನೆ, ಇಲ್ಲಿ ಯಾವನೋ ನೆಂಟನಿಗೆ ಕೋಳಿ ಬಡಿಸ್ತಿದ್ದೀರಾ? ನಾಚಿಕೆ ಆಗೋದಿಲ್ವಾ ನಿಮಗೆ?”

“ಇವನು ನನ್ನ ಹತ್ತಿರ ಏನೂ ಕಿತ್ತುಕೊಂಡಿಲ್ಲ” ಎಂದರು.

“ಏನೂ ಕೊಟ್ಟೂ ಇಲ್ಲ! ನಿಮಗೆ ಮರ ಹತ್ತೋದು ಕಲಿಸಿದ್ದು ಇವನಾ? ಜ್ವರ ಬಂದಾಗ ಹೊತ್ತುಕೊಂಡು ಆಸ್ಪತ್ರೆಗೆ ಓಡಿದ್ದು ಈ ಕಲ್ಲಿನವನಾ?” ಎಲೆ ಎತ್ತಿ ಒಳಗೆ ತಂದು ಕೋಳಿ ನಾನೇ ತಿಂದೆ. ಈಜಿಪ್ಟಿನವನು ಉಪವಾಸ ಬಿದ್ದರೆ ನನಗೇನು!

ಭಾನುವಾರದ ಕ್ಲಾಸಿಗೆ ಚಿನ್ಮಯಿ ಮನೆಪಾಠ ಕೊಟ್ಟಿದ್ದಳು. ಅದೇ ಸಾಲನ್ನು ತಮ್ಮವರೊಬ್ಬರ ಹೆಸರು ಸೇರಿಸಿ ಎಲ್ಲರೆದುರು ಓದಬೇಕು. ನಾನು ಅಡುಗೆಮನೆ ಬಾಗಿಲಲ್ಲಿ ಫೋನು ಹಿಡಿದು ನಿಂತಿದ್ದೆ. ಇವರು ಬರುತ್ತಾರೋ ಇಲ್ಲವೋ ಇಂದೇ ಹೇಳು ಎಂದು ಮಾಚಮ್ಮಕ್ಕ ಆ ಕಡೆ ಕಾಯುತ್ತಿದ್ದರು. ಟಿಕೆಟಿಗೆ ಇನ್ನು ಹೊತ್ತಿರಲಿಲ್ಲ. ಇಲ್ಲ ಎನ್ನಲು ನನಗೆ ನಾಲಿಗೆ ಏಳುತ್ತಿರಲಿಲ್ಲ.

ಇವರ ಸರದಿ ಬಂತು. ಪರೇಡಿನ ದನಿಯಲ್ಲಿ ಶುರುಮಾಡಿದರು. ಸಾವಿರ ರೊಟ್ಟಿ, ಸಾವಿರ ಬಿಯರು, ಎತ್ತು, ಕೋಳಿ. ಇಂಥವನ ಜೀವಕ್ಕೆ ಸಲ್ಲಲಿ ಎನ್ನುವಲ್ಲಿಗೆ ಬಂದಾಗ ಬೆರಳು ಲ್ಯಾಪ್‌ಟಾಪಿನ ಮೇಲೆ ಸರಿಯಿತು. ತುಟಿ ಅಲ್ಲಾಡಿತು, ಅಷ್ಟೆ.

“ಅಂಕಲ್, ಮ್ಯೂಟ್ ಹೋ ಗಯಾ” ಎಂದಳು ಚಿನ್ಮಯಿ. “ಹೆಸರು ಕೇಳಿಸ್ಲಿಲ್ಲ.”

ಚೀನಾ ಗಡಿಗೆ ಹಿಟ್ಟು ಹೊತ್ತ ಮಹಾಶೂರ, ಅಣ್ಣನ ಹೆಸರು ಹೇಳಲು ಗುಂಡಿ ಒತ್ತಿ ಅಡಗಿಕೊಂಡಿದ್ದರು! ನಾನು ಹೋಗಿ ಫೋನನ್ನು ಬಾಯಿಗೇ ಹಿಡಿದೆ.

“ಆ ಹುಡುಗಿಗೆ ಬೇಡ. ಇಲ್ಲಿ ಹೇಳಿ, ಮಾಚಮ್ಮಕ್ಕ ಇದ್ದಾರೆ.”

ಇವರು ಎರಡೂ ಕೈಯಲ್ಲಿ ಫೋನು ಹಿಡಿದರು. “ತಿಮ್ಮಣ್ಣ” ಎಂದರು. “ನನ್ನ ಅಣ್ಣ ತಿಮ್ಮಣ್ಣನಿಗೆ. ಸಾವಿರ ರೊಟ್ಟಿ, ಸಾವಿರ ಬಿಯರು.”

ಆ ಕಡೆ ಮಾಚಮ್ಮಕ್ಕ ಮೂಗೆಳೆದುಕೊಂಡು ಗದರಿದರು.

“ಬಿಯರು ಯಾರಿಗೆ ಬೇಕು? ಅವರು ಬ್ರಾಂದಿ ಬಿಟ್ಟು ಬೇರೆ ಮುಟ್ಟಿದ್ದು ನೀನು ಯಾವತ್ತಾದರೂ ಕಂಡಿದ್ದೀಯಾ?”

ಇವರು ಲ್ಯಾಪ್‌ಟಾಪು ಮುಚ್ಚಿ, ನನ್ನ ಮುಖ ನೋಡದೆ, ಮಿಲಿಟರಿ ಕ್ಯಾಂಟೀನಿನ ಕಾರ್ಡು ಎಲ್ಲಿಟ್ಟಿದ್ದೀಯೆ ಎಂದು ಕೇಳಿದರು.