ಕಾರಿಗೊಂದು ದಪ್ಪ ಸಿಂಬಿ

ಐವತ್ತು ದಾಟಿದ ಹೆಂಗಸಿಗೆ ವೇಗದ ಹುಚ್ಚು ಹತ್ತಬಾರದೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಕಾಪುವಿನಲ್ಲಿ ನನ್ನದೊಂದು ಐಸ್ ಪ್ಲಾಂಟ್ ಇದೆ. ಬೋಟುಗಳಿಗೆ, ಮೀನಿನ ಲಾರಿಗಳಿಗೆ ಮಂಜುಗಡ್ಡೆ ಒದಗಿಸುವುದು ನನ್ನ ಕಸುಬು. ಇಪ್ಪತ್ತು ವರ್ಷ ಡೀಸೆಲ್ ಹೊಗೆ ಕುಡಿದ ಮೇಲೆ ಒಂದು ದಿನ ಮಣಿಪಾಲದಲ್ಲಿ ಕರೆಂಟಿನ ಕಾರೊಂದನ್ನು ಓಡಿಸಿ ನೋಡಿದೆ. ತಗ್ಗಾದ, ಉದ್ದನೆಯ, ರೇಸಿಗೆ ಹೊರಟು ನಿಂತ ಹಾಗಿದ್ದ ಸೆಡಾನ್. ಕಾಲು ಒತ್ತಿದ್ದೇ ತಡ ಬೆನ್ನು ಸೀಟಿಗೆ ಅಂಟಿಕೊಂಡಿತು, ಸದ್ದು ಮಾತ್ರ ಇಲ್ಲ. ಆ ವಾರವೇ ಬುಕ್ ಮಾಡಿ ಬಂದೆ.

ಅಷ್ಟಕ್ಕೇ ಸುಮ್ಮನಿದ್ದರೆ ಚೆನ್ನಾಗಿತ್ತು. ಕಂಪನಿಯವರು ಕೊಟ್ಟ ಇಪ್ಪತ್ತು ಇಂಚಿನ ಚಕ್ರಗಳು ನನ್ನ ಕಣ್ಣಿಗೆ ಸಪ್ಪೆ ಅನ್ನಿಸಿದವು. ಮಣಿಪಾಲದ ಟಯರ್ ಅಂಗಡಿಯ ಮಾಲೀಕ ಇಪ್ಪತ್ತೊಂದು ಇಂಚಿನ ಕಪ್ಪು ಅಲಾಯ್ ತೋರಿಸಿ, "ಇದು ಹಾಕಿದರೆ ಕಾರಿನ ಗತ್ತೇ ಬೇರೆ ಮೇಡಂ" ಅಂದ. ಗತ್ತು ಎಂಬ ಮಾತಿಗೆ ನಾನು ಸೋತೆ. ಹಳೆಯ ಚಕ್ರಗಳನ್ನು ಅವನಿಗೇ ಕೊಟ್ಟು ಹೊಸದನ್ನು ಹಾಕಿಸಿಕೊಂಡೆ. ಚಕ್ರ ದೊಡ್ಡದಾದಷ್ಟೂ ಅದರ ಸುತ್ತ ಕೂರುವ ಟಯರು ತೆಳ್ಳಗಾಗಬೇಕು, ಇಲ್ಲದಿದ್ದರೆ ಒಟ್ಟು ಎತ್ತರ ಹೆಚ್ಚಿ ಮೇಲೆ ಕಾರಿನ ಮೈಗೆ ತಾಗುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಕಿಸಿದೆ.

ಇನ್ನು ಅಕ್ಕನ ವಿಷಯ. ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತವಳು. ಬೆಳಿಗ್ಗೆ ಕಾಪುವಿನ ಕಡಲ ಬದಿಯಲ್ಲಿ ಮೀನು ಕೊಂಡು, ಬಸ್ಸು ಹತ್ತಿ ಬೆಳ್ಮಣ್ಣಿನಲ್ಲೋ ಕಾರ್ಕಳದಲ್ಲೋ ಇಳಿದು, ಅಲ್ಲಿಂದ ಮನೆ ಮನೆಗೆ ನಡೆಯುವಳು. ನನ್ನನ್ನು ಕಾಲೇಜಿನವರೆಗೆ ಓದಿಸಿದ್ದು ಆ ತಲೆ. ಈಗ ಅವಳ ಕತ್ತಿನ ಎಲುಬು ಸವೆದಿದೆ. ಜೋರಾಗಿ ಒಂದು ಕುಲುಕಾಟ ಆದರೆ ನೋವು ಕತ್ತಿನಿಂದ ಹೊರಟು ಬಲಗೈಯ ಬೆರಳ ತುದಿಯವರೆಗೆ ಇಳಿಯುತ್ತದೆ. ಬಸ್ಸು, ರಿಕ್ಷಾ ಎರಡೂ ಬೇಡವೆಂದು ಡಾಕ್ಟರು ಹೇಳಿದ್ದಾರೆ.

ಕಾರ್ಕಳದಲ್ಲಿ ಅವಳ ಹಳೆಯ ಗಿರಾಕಿ ಒಬ್ಬರಿದ್ದಾರೆ, ನಿವೃತ್ತ ಟೀಚರು. ಗಿರಾಕಿ ಎಂದರೆ ಬರೀ ಗಿರಾಕಿಯಲ್ಲ. ಮೀನು ಕೊಂಡ ಮೇಲೆ ಅಕ್ಕನನ್ನು ಜಗಲಿಯಲ್ಲಿ ಕೂರಿಸಿ, ಗಂಜಿ ಕೊಟ್ಟು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರ ಬರೆದು ಕಲಿಸಿದವರು. ಬಸ್ಸಿನ ಬೋರ್ಡು ಓದಲು ಅಕ್ಕನಿಗೆ ಬಂದದ್ದು ಆ ಜಗಲಿಯಿಂದ. ಕಳೆದ ಮಳೆಗಾಲದಲ್ಲಿ ಟೀಚರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಅಂದಿನಿಂದ ಪ್ರತಿ ಆದಿತ್ಯವಾರ ಫೋನು. "ಮೀನು ತರಬೇಡ ಮಾರಾಯ್ತಿ, ನೀನು ಬಾ. ಒಮ್ಮೆ ಮುಖ ನೋಡಿ ಮಾತಾಡುವ."

ಹೊಸ ಕಾರಿನಲ್ಲಿ ಅಕ್ಕನ ಮೊದಲ ಸವಾರಿ ಅಲ್ಲಿಗೇ ಎಂದು ನಾನು ಠೀವಿಯಿಂದ ಹೊರಡಿಸಿದೆ. ಪಡುಬಿದ್ರಿ ತನಕ ಹೆದ್ದಾರಿ, ತೊಂದರೆ ಇಲ್ಲ. ಎಡಕ್ಕೆ ತಿರುಗಿ ಒಳಗಿನ ರಸ್ತೆ ಹಿಡಿದದ್ದೇ, ಮಳೆಗಾಲ ಬಿಟ್ಟುಹೋದ ಹೊಂಡಗಳೆಲ್ಲ ನಮ್ಮನ್ನೇ ಕಾಯುತ್ತಿದ್ದಂತಿತ್ತು. ಪ್ರತಿ ಹೊಂಡಕ್ಕೂ ಅಕ್ಕನ ಬಲಗೈ ಥಟ್ಟನೆ ತಲೆಯ ಮೇಲೆ ಹೋಗುತ್ತಿತ್ತು. ಮೊದಲು ನನಗೆ ಅರ್ಥವಾಗಲಿಲ್ಲ. ನಾಲ್ಕನೆಯ ಸಲ ಅರ್ಥವಾಯಿತು. ಅವಳು ಬುಟ್ಟಿ ಹಿಡಿಯುತ್ತಿದ್ದಳು. ಬುಟ್ಟಿ ಇಳಿಸಿ ಹತ್ತು ವರ್ಷವಾದರೂ ಕುಲುಕಿದ ಕೂಡಲೇ ಆ ಕೈಗೆ ಬುಟ್ಟಿಯದೇ ನೆನಪು.

ನಂದಿಕೂರು ದಾಟುವಷ್ಟರಲ್ಲಿ ಅವಳ ಮುಖ ಬಿಳಿಚಿತ್ತು. ಗಾಡಿ ಬದಿಗೆ ಹಾಕಿದೆ.

"ಚಿನ್ನದ ಕತ್ತಿ ಅಂತ ಕುತ್ತಿಗೆ ಕೊಯ್ಸಿಕೊಳ್ಳುವುದಾ ಮಾರಾಯ್ತಿ? ನಿನ್ನ ಕಾರಿಗೆ ಒಂದು ದೊಡ್ಡ ನಮಸ್ಕಾರ. ವಾಪಸು ತಿರುಗಿಸು," ಅಂದಳು.

ವಾಪಸು ಬರುವಾಗ ಎತ್ತಿನ ಗಾಡಿಯ ವೇಗದಲ್ಲಿ ಬಂದೆ. ಆ ದಿನ ನನಗಾದ ನಾಚಿಕೆಯನ್ನು ಇನ್ನೂ ಮರೆತಿಲ್ಲ. ನನ್ನ ಗತ್ತಿಗೆ ಅಕ್ಕನ ಕತ್ತು ಸುಂಕ ಕಟ್ಟಿತ್ತು. ಈ ಕಾರಿನಲ್ಲೇ, ನೋವಿಲ್ಲದೆ, ಅವಳನ್ನು ಟೀಚರ ಮನೆಗೆ ಮುಟ್ಟಿಸಿಯೇ ಸಿದ್ಧ ಎಂದು ಹಟ ಹಿಡಿದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಅಕ್ಕ ಚಿಕ್ಕಂದಿನಿಂದ ಹೇಳುತ್ತ ಬಂದಿದ್ದಾಳೆ. ಇರಲಿ, ಮೂರಾದರೆ ಮೂರು.

ಮರುದಿನ ಅಂಗಳದಲ್ಲಿ ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಟಯರನ್ನು ನೋಡುತ್ತಿದ್ದೆ. ಅಕ್ಕ ಬಂದು ಬಗ್ಗದೆ, ನಿಂತಲ್ಲಿಂದಲೇ ಕೇಳಿದಳು, "ಆ ರಬ್ಬರು ಎಷ್ಟು ಬೆರಳು ಉಂಟು?"

ಚಕ್ರದ ಅಂಚಿನಿಂದ ನೆಲದವರೆಗೆ ಬೆರಳಿಟ್ಟು ಅಳೆದೆ. ನಾಲ್ಕು.

ಅವಳು ಒಳಗೆ ಹೋಗಿ ತನ್ನ ಹಳೆಯ ಸಿಂಬಿ ತಂದಳು. ಹಳೆ ಸೀರೆಯ ಬಟ್ಟೆಯನ್ನು ತಿರುಚಿ ಬಳೆಯ ಹಾಗೆ ಸುತ್ತಿದ್ದು, ತಲೆಗೂ ಬುಟ್ಟಿಗೂ ನಡುವೆ ಇಡುವುದು. ಅದನ್ನು ಬಾನೆಟ್ಟಿನ ಮೇಲಿಟ್ಟಳು.

"ಮೊದಮೊದಲು ನಾನೂ ತೆಳ್ಳಗೆ ಸುತ್ತುತ್ತಿದ್ದೆ. ನೋಡಲಿಕ್ಕೆ ಚಂದ, ಪ್ರಾಯದ ಹುಡುಗಿ ಅಲ್ವಾ. ಬೆಳ್ಮಣ್ಣು ತಲುಪುವಾಗ ಕತ್ತು ಹೇಳ್ತಿತ್ತು ಎಷ್ಟು ಚಂದ ಅಂತ. ಸಿಂಬಿ ಸುತ್ತುವುದು ಬುಟ್ಟಿಯ ಭಾರಕ್ಕೆ, ತಲೆಯ ಚಂದಕ್ಕಲ್ಲ. ನಿನ್ನ ಕಾರಿಗೆ ಆರು ಬೆರಳಿನದ್ದು ಹಾಕು."

ಅಂತರ್ಜಾಲದಲ್ಲಿ ಎರಡು ರಾತ್ರಿ ಓದಿದ್ದರ ಸಾರವನ್ನು ಅವಳು ಒಂದು ನಿಮಿಷದಲ್ಲಿ ಮುಗಿಸಿದ್ದಳು. ಲೆಕ್ಕ ಹಾಕಿದೆ. ಎತ್ತರ ಬದಲಾಗದೆ ಆರು ಬೆರಳಿನ ರಬ್ಬರು ಬೇಕಾದರೆ ಚಕ್ರ ಹದಿನೆಂಟು ಇಂಚಿಗೆ ಇಳಿಯಬೇಕು.

ಮಣಿಪಾಲದ ಮಾಲೀಕನಿಗೆ ಹೇಳಿದಾಗ ಅವನು ನಾನು ಕಾರಿಗೆ ಸೆಗಣಿ ಸಾರಿಸಲು ಹೇಳಿದೆನೇನೋ ಎಂಬಂತೆ ನೋಡಿದ. "ಹದಿನೆಂಟಾ? ಎಲ್ಲರೂ ಮೇಲೆ ಹೋಗ್ತಾರೆ ಮೇಡಂ, ಕೆಳಗೆ ಯಾರೂ ಬರುವುದಿಲ್ಲ. ಟ್ಯಾಕ್ಸಿ ಹಾಗೆ ಕಾಣ್ತದೆ."

"ಕಾಣಲಿ. ನೀವು ಹಾಕಿ."

ಅವನು ಒಂದು ಚಕ್ರ ತಂದು ಮುಂದೆ ಸಿಕ್ಕಿಸಿ ತಿರುಗಿಸಿದ. ಕರ್ ಎಂದು ನಿಂತಿತು. ವೇಗದ ಕಾರಲ್ಲವೇ, ಮುಂದಿನ ಬ್ರೇಕಿನ ಕ್ಯಾಲಿಪರು, ಎಂದರೆ ಡಿಸ್ಕನ್ನು ಹಿಡಿದು ನಿಲ್ಲಿಸುವ ಕಬ್ಬಿಣದ ಮುಷ್ಟಿ, ಭಾರೀ ದಪ್ಪ. ಚಕ್ರದ ಒಳಮೈ ಅದಕ್ಕೆ ತಾಗುತ್ತಿತ್ತು. "ನೋಡಿದ್ರಾ, ಆಗುವುದಿಲ್ಲ," ಅಂದ. ಅವನ ದನಿಯಲ್ಲಿದ್ದ ಸಂತೋಷ ನನಗೆ ಸರಿಬರಲಿಲ್ಲ. ಆದರೆ ಎಲ್ಲ ಹದಿನೆಂಟರ ಹೊಟ್ಟೆಯೂ ಒಂದೇ ಅಲ್ಲವೆಂದು ಓದಿದ್ದೆ. ಕೆಲವು ಒಳಗೆ ಹೆಚ್ಚು ಟೊಳ್ಳಾಗಿರುತ್ತವೆ. ಅಂಥದ್ದು ಎಲ್ಲಾದರೂ ಇದ್ದೇ ಇರಬೇಕು.

ಪ್ಲಾಂಟಿಗೆ ಬಂದು ಮೀನು ತುಂಬುವ ಥರ್ಮಾಕೋಲ್ ಪೆಟ್ಟಿಗೆಯೊಂದರ ಮುಚ್ಚಳ ತೆಗೆದುಕೊಂಡೆ. ಕಾರಿನ ಮುಂದಿನ ಚಕ್ರ ಬಿಚ್ಚಿಸಿ, ಕ್ಯಾಲಿಪರಿನ ಉಬ್ಬಿಗೆ ಹಿಡಿದು, ಕತ್ತಿಯಿಂದ ಸ್ವಲ್ಪ ಸ್ವಲ್ಪವೇ ಕೊರೆದು ಅಚ್ಚು ಮಾಡಿದೆ. ನಡುವಿನ ತೂತಿನಿಂದ ಎಷ್ಟು ದೂರ, ಎಷ್ಟು ಹೊರಕ್ಕೆ, ಎಲ್ಲ ಸರಿಯಾಗಿ. ಆಮೇಲೆ ಆ ಅಚ್ಚನ್ನು ಕಂಕುಳಲ್ಲಿಟ್ಟುಕೊಂಡು ಉಡುಪಿಯ ಅಂಗಡಿಗಳನ್ನು ಸುತ್ತಿದೆ. ಎಷ್ಟು ತೊಳೆದರೂ ಅದಕ್ಕೆ ಬಂಗುಡೆ ಮೀನಿನ ವಾಸನೆ. ಏಸಿ ಶೋರೂಮುಗಳಲ್ಲಿ ನಾನು ಒಳಗೆ ಹೋದ ಎರಡು ನಿಮಿಷಕ್ಕೆ ಹುಡುಗಿಯರು ಮೂಗು ಅರಳಿಸಿ ಸುತ್ತ ನೋಡುವರು. ನಾನು ಗಂಭೀರವಾಗಿ ಚಕ್ರದೊಳಗೆ ಥರ್ಮಾಕೋಲ್ ಇಟ್ಟು ತಿರುಗಿಸುವೆ. ತಾಗಿದರೆ ಮುಂದಿನ ಅಂಗಡಿ. ಆರು ಅಂಗಡಿಯಾದವು. ಆರರಲ್ಲೂ ತಾಗಿತು.

ಏಳನೆಯದು ಕಾರ್ಕಳದಲ್ಲಿ, ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ದೂರ. ಅಂಗಡಿಯ ಹಿರಿಯರು ನನ್ನ ಅಚ್ಚನ್ನು ಕೈಗೆ ತೆಗೆದುಕೊಂಡು ಮೂಸಿ ನೋಡಿ, "ಮೀನಿನವರಾ?" ಅಂದರು. ಹೌದೆಂದೆ. ನಗಲಿಲ್ಲ. ಒಳಗಿನಿಂದ ಬೆಳ್ಳಿ ಬಣ್ಣದ, ಏನೂ ಅಲಂಕಾರವಿಲ್ಲದ ಹದಿನೆಂಟು ಇಂಚಿನ ಚಕ್ರವೊಂದನ್ನು ತಂದರು. ಅಚ್ಚು ಒಳಗೆ ಸಲೀಸಾಗಿ ತಿರುಗಿತು. ಕಾರಿಗೇ ಸಿಕ್ಕಿಸಿ ನೋಡಿದೆವು. ಕ್ಯಾಲಿಪರಿಗೂ ಚಕ್ರಕ್ಕೂ ನಡುವೆ ಎರಡು ಬೆಂಕಿಕಡ್ಡಿ ಜೊತೆಯಾಗಿ ಹೋಗುವಷ್ಟು ಜಾಗ. ಅವರು ಹತ್ತಾರು ಸಲ ಕೈಯಲ್ಲಿ ತಿರುಗಿಸಿ, ಕಿವಿಗೊಟ್ಟು ಕೇಳಿ, "ಸಾಕು, ಇಷ್ಟು ಸಾಕು," ಅಂದರು. ಚಕ್ರ ಎಷ್ಟು ಭಾರ ತಾಳುತ್ತದೆಂದು ಒಳಬದಿಯಲ್ಲಿ ಅಚ್ಚೊತ್ತಿದ್ದನ್ನೂ ಟಾರ್ಚು ಹಿಡಿದು ತೋರಿಸಿದರು. ಕಾರಿಗೆ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು.

ಟಯರಿನ ಹತ್ತಿರ ಬಂದಾಗ ನಾನೇ ಆತುರಪಟ್ಟೆ. ಅವರ ಬಳಿ ಆ ಅಳತೆಯ, ಬಹಳ ಮೆತ್ತಗಿನ ಟಯರು ಸಿದ್ಧವಿತ್ತು. ಬದಿಯ ರಬ್ಬರು ಒತ್ತಿದರೆ ಒಳಗೆ ಹೋಗುವಷ್ಟು ಹಿತ. ಅದನ್ನೇ ಹಾಕಿ, ನಾಳೆಯೇ ಅಕ್ಕನನ್ನು ಕರೆದುಕೊಂಡು ಬರುತ್ತೇನೆ ಅಂದೆ. ಹಿರಿಯರು ಬೇಡವೆಂದು ತಲೆಯಾಡಿಸಿದರು. "ಇದರ ಭಾರದ ನಂಬರ್ ಕಡಿಮೆ. ಪೆಟ್ರೋಲ್ ಕಾರಿಗೆ ಆಗ್ತದೆ. ನಿಮ್ಮದರ ಹೊಟ್ಟೆಯಲ್ಲಿ ಬ್ಯಾಟರಿ ಉಂಟಲ್ಲ, ಗಾಡಿಯ ಒಟ್ಟು ಭಾರ ಎರಡು ಟನ್ನಿನ ಮೇಲೆ. ಸರಿಯಾದ್ದು ತರಿಸಲಿಕ್ಕೆ ಮೂರು ವಾರ ಬೇಕು."

ಮೂರು ವಾರವೆಂದರೆ ಟೀಚರ ಮೂರು ಆದಿತ್ಯವಾರದ ಫೋನು. ಹಿಂದಿನ ವಾರ ಅವರ ದನಿ ಬಹಳ ಸಣ್ಣಗಾಗಿತ್ತು. ಮನೆಗೆ ಬಂದು ಅಕ್ಕನನ್ನೇ ಕೇಳಿದೆ, ಅದೇ ಮೆತ್ತಗಿನದ್ದು ಹಾಕಿಸಿಬಿಡಲೇ ಎಂದು.

"ದಪ್ಪ ಇದ್ದರೆ ಸಾಲದು ಮಗಾ," ಅಂದಳು. "ಸಡಿಲ ಸುತ್ತಿದ ಸಿಂಬಿಯ ಮೇಲೆ ಬುಟ್ಟಿ ಓಲಾಡ್ತದೆ. ಬಿಗಿ ಸುತ್ತಬೇಕು, ದಪ್ಪವೂ ಸುತ್ತಬೇಕು. ಟೀಚರಿಗೆ ನಾನು ಹೇಳ್ತೇನೆ, ಮೂರು ವಾರ ಗಟ್ಟಿ ಇರಿ ಅಂತ."

ಕಾದೆವು. ಕಾಯುವುದು ನನ್ನ ಜಾಯಮಾನವಲ್ಲ, ಆದರೂ ಕಾದೆ. ಟಯರು ಬಂದ ದಿನ ಹಾಕಿಸಿ, ಬಾಗಿಲ ಬದಿಯ ಚೀಟಿಯಲ್ಲಿ ಕಂಪನಿಯವರು ಬರೆದ ಗಾಳಿಯ ಲೆಕ್ಕವನ್ನು ಹೊಸ ಟಯರಿನ ಪಟ್ಟಿಯೊಂದಿಗೆ ಹೋಲಿಸಿ, ಈ ಅಳತೆಗೆ ಬೇಕಾದಷ್ಟೇ ತುಂಬಿಸಿ, ಮೊದಲು ನಾನೊಬ್ಬಳೇ ಹೆಬ್ರಿಯವರೆಗೆ ಹೋಗಿ ಬಂದೆ. ತಿರುವಿನಲ್ಲಿ ಕಾರು ಮೊದಲಿನಷ್ಟು ಚುರುಕಿಲ್ಲ, ಅದು ನಿಜ. ನೋಡಲು ಟ್ಯಾಕ್ಸಿಯ ಹಾಗಿದೆ, ಅದೂ ನಿಜ. ಹೊಂಡಕ್ಕೆ ಇಳಿದಾಗ ಮಾತ್ರ ದಡ್ ಎನ್ನುವ ಬದಲು ಧೊಪ್ ಎನ್ನುತ್ತಿತ್ತು. ನಾನು ಆರು ವಾರ ಅಲೆದದ್ದು ಆ ಒಂದು ಧೊಪ್ಪಿಗಾಗಿ.

ಆದಿತ್ಯವಾರ ಬೆಳಿಗ್ಗೆ ಹೊರಟೆವು. ಅಕ್ಕ ಇದ್ದದ್ದರಲ್ಲಿ ಒಳ್ಳೆಯ ಸೀರೆಯುಟ್ಟು, ಮಲ್ಲಿಗೆ ಮುಡಿದು, ಮೀನು ತರಬೇಡವೆಂದು ಟೀಚರು ಎಷ್ಟು ಹೇಳಿದ್ದರೂ ಬಂಗುಡೆಯ ಪೆಟ್ಟಿಗೆಯೊಂದನ್ನು ಡಿಕ್ಕಿಯಲ್ಲಿ ಇಡಿಸಿದಳು. ನಾನು ಕೊರೆದು ಹಾಳುಮಾಡಿದ ಮುಚ್ಚಳದ ಪೆಟ್ಟಿಗೆಯೇ ಅದು. ಮೇಲೆ ಪೇಪರು ಮುಚ್ಚಿ ಹಗ್ಗ ಕಟ್ಟಿದ್ದಳು.

ಪಡುಬಿದ್ರಿಯಲ್ಲಿ ಎಡಕ್ಕೆ ತಿರುಗಿದೆ. ನನ್ನ ಅರ್ಧ ಕಣ್ಣು ರಸ್ತೆಯ ಮೇಲೆ, ಅರ್ಧ ಅವಳ ಬಲಗೈಯ ಮೇಲೆ. ಮೊದಲ ಹೊಂಡ. ಕೈ ಮಡಿಲಿನಲ್ಲೇ ಇತ್ತು, ಬೆರಳುಗಳು ಮಾತ್ರ ಬಿಗಿದಿದ್ದವು. ಎರಡನೆಯದು, ಮೂರನೆಯದು. ಹಿಂದಿನ ಸಲ ನಾವು ವಾಪಸು ತಿರುಗಿದ ಜಾಗ ಬಂತು. ಅದನ್ನೂ ದಾಟಿದೆವು. ಬೆರಳುಗಳು ಮೆಲ್ಲಗೆ ಸಡಿಲಾದವು. ತಾನು ನಡೆದ ಓಣಿಗಳನ್ನು, ಮೀನು ಕೊಂಡ ಮನೆಗಳನ್ನು, ಅಟ್ಟಿಸಿಕೊಂಡು ಬರುತ್ತಿದ್ದ ನಾಯಿಗಳನ್ನು ಒಂದೊಂದಾಗಿ ತೋರಿಸತೊಡಗಿದಳು.

ಬೆಳ್ಮಣ್ಣು ದಾಟಿದ ಮೇಲೆ ಎದುರಿನಿಂದ ಬಂದ ಬಸ್ಸಿಗೆ ಬದಿ ಕೊಡಲು ಹೋಗಿ ದೊಡ್ಡದೊಂದು ಹೊಂಡಕ್ಕೆ ಇಳಿಸಿಬಿಟ್ಟೆ. ಧೊಪ್. ಅಕ್ಕನ ಬಲಗೈ ಮೇಲೆದ್ದು ತಲೆಯ ಹತ್ತಿರ ಹೋಯಿತು. ಬ್ರೇಕಿನ ಮೇಲೆ ಕಾಲಿಟ್ಟು ಅವಳ ಮುಖ ನೋಡಿದೆ.

ಕೈ ನೆತ್ತಿಯ ಮೇಲೆ ನಿಲ್ಲಲಿಲ್ಲ. ಹಿಂದಕ್ಕೆ ಹೋಗಿ, ಜಾರಿದ ಮಲ್ಲಿಗೆಯನ್ನು ಸರಿಮಾಡಿ ಸಿಕ್ಕಿಸಿ, ಮತ್ತೆ ಮಡಿಲಿಗೆ ಬಂತು.

"ನನ್ನ ಮುಖದಲ್ಲಿ ಎಂತ ಉಂಟು?" ಅಂದಳು ಅಕ್ಕ. "ರಸ್ತೆ ನೋಡಿ ಸ್ವಲ್ಪ ಜೋರು ಬಿಡು ಮಾರಾಯ್ತಿ. ಟೀಚರು ಕಾಯ್ತಾ ಇದ್ದಾರೆ."