ದುಂಡಗಿನ ಅಕ್ಷರದ ಹುಡುಗಿ

ಕಾಲುವೆ ನೀರು ಬಂದ ಮೂರನೆಯ ವರ್ಷ ನಮ್ಮೂರ ಸಾಹುಕಾರರ ಹೊಲದಿಂದ ಜೋಳ ಹೋಗಿ ಬೀಜದ ಹತ್ತಿ ಬಂತು. ಶಹಾಪುರದ ಸುತ್ತೆಲ್ಲ ಆಗ ಒಂದೇ ಮಾತು, ಕ್ರಾಸಿಂಗ್. ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆಯೇ ಉಗುರಿನಿಂದ ಬಿಡಿಸಿ, ಒಳಗಿನ ಪರಾಗದ ಎಳೆಗಳನ್ನು ಒಂದೂ ಉಳಿಯದಂತೆ ಕಿತ್ತು, ಗುರುತಿಗೆ ಕೆಂಪು ಕಾಗದ ಸಿಕ್ಕಿಸಬೇಕು. ಬೆಳಿಗ್ಗೆ ಬೇರೆ ಸಾಲಿನ ಗಂಡು ಹೂ ತಂದು ಅದಕ್ಕೆ ಸವರಬೇಕು. ದೊಡ್ಡವರ ಬೆರಳಿಗೆ ಮೊಗ್ಗು ಮುರಿಯುತ್ತದೆ. ಮೈನೆರೆದವರು ಸಾಲಿಗಿಳಿದರೆ ಕಾಯಿ ಉದುರುತ್ತದೆಂಬ ನಂಬಿಕೆ ಬೇರೆ. ಸಾಹುಕಾರರ ಮನೆಯ ತಂಬಿಗೆ ಮುಟ್ಟಬಾರದ ನಮ್ಮ ಕೈ ಅವರ ಹೂವಿಗೆ ಮಾತ್ರ ಶುದ್ಧವಾಗಿತ್ತು. ಆ ವರ್ಷ ನಮ್ಮ ಕೇರಿಯಿಂದ ನಾಲ್ವರು ಹುಡುಗಿಯರು ಹೋದೆವು.

ನಾನಾಗ ನಾಲ್ಕನೆಯ ತರಗತಿ. ದೀಪಾವಳಿ ತನಕ ಅಷ್ಟೇ ಅಂದಳು ಅವ್ವ. ನನಗೆ ಚಿಂತೆಯೇ ಆಗಲಿಲ್ಲ. ಸುರಪುರದಿಂದ ಲೂನಾ ಮೇಲೆ ಬರುತ್ತಿದ್ದ ನಮ್ಮ ಮಾಸ್ತರರು, ಶಾಲೆ ತಪ್ಪಿಸಿದವರನ್ನು ಮನೆಗೇ ಬಂದು ಎಳೆದೊಯ್ಯುತ್ತೇನೆ ಎಂದು ಹೇಳಿದ್ದರು. ಅಂಗಡಿಯವರ ಮಗ ಎರಡು ದಿನ ಬರದಿದ್ದಾಗ ಹಿಂದೆ ಕೂರಿಸಿಕೊಂಡು ಕರೆತಂದಿದ್ದರು ಕೂಡ. ನನ್ನ ಅಕ್ಷರ ಮುತ್ತು ಪೋಣಿಸಿದಂತಿದೆ ಎಂದು ಪಾಟಿಯನ್ನು ತರಗತಿಗೆಲ್ಲ ತೋರಿಸುತ್ತಿದ್ದವರು ನನ್ನನ್ನು ಬಿಟ್ಟಾರೆಯೇ? ಕಾಲುವೆ ದಂಡೆಯ ಮೇಲೆ ಲೂನಾ ಸದ್ದಾಗುವುದನ್ನೇ ಕಾಯುತ್ತಿದ್ದೆ.

ಹುಳ ಸಾಯಲೆಂದು ಎಣ್ಣೆ ಹೊಡೆದ ಗಿಡಗಳ ನಡುವೆ ತಲೆ ಗಿರ್ರೆನ್ನುತ್ತಿತ್ತು. ಒಂದು ಹೂವಿನಲ್ಲಿ ಎಳೆ ಉಳಿದಿದ್ದಕ್ಕೆ ಸಾಹುಕಾರರ ಆಳು ಹತ್ತಿಕಟ್ಟಿಗೆಯಿಂದ ಬೆರಳ ಗೆಣ್ಣಿನ ಮೇಲೆ ಬಾರಿಸಿದ. ನಾನು ಅಳಲಿಲ್ಲ. ಮಾಸ್ತರರಿಗೆ ತೋರಿಸಿದರಾಯಿತು, ಆಮೇಲೆ ಇವನಿಗಿದೆ ಅಂದುಕೊಂಡೆ.

ಬಂದರು. ಗಂಡು ಹೂ ಸವರುವ ಹೊತ್ತು. ಪಕ್ಕದ ಹುಡುಗಿಗೆ ನಾನಿನ್ನು ಹೊರಟೆ ಎಂದು ಹೇಳಿ, ಹಳದಿ ಮೆತ್ತಿದ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಎದ್ದು ನಿಂತೆ. ಅವರು ಬೇವಿನ ನೆರಳಲ್ಲಿ ಸಾಹುಕಾರರ ಜೊತೆ ಚಹಾ ಕುಡಿದರು. ಆಮೇಲೆ ಇಬ್ಬರೂ ನಮ್ಮ ಸಾಲಿಗೆ ಬಂದರು.

“ನೀವು ಹೇಳಿದ್ದು ಖರೇ ಐತಿ ಮಾಸ್ತರ. ನೀವು ಹೆಸರು ಕೊಟ್ಟ ನಾಕೂ ಹುಡುಗ್ಯಾರು ಚಲೋ ಮಾಡಾಕತ್ತಾರ,” ಅಂದರು ಸಾಹುಕಾರರು.

“ದುಂಡಗ ಬರಿಯೋರ ಕೈ ನಡಗಂಗಿಲ್ರಿ. ಅದಕ್ಕ ಈಕಿ ಹೆಸರು ಮೊದಲು ಹೇಳಿದೆ,” ಅಂದರು ಮಾಸ್ತರರು.

ನಾನು ಬಾತುಕೊಂಡ ಗೆಣ್ಣು ಮುಂದೆ ಹಿಡಿದೆ. ನೋಡಿದರು. ಚೆನ್ನಾಗಿ ಮಾಡು, ನನ್ನ ಹೆಸರು ಕೆಡಿಸಬೇಡ ಎಂದು ಹೇಳಿ ಹೋದರು. ಲೂನಾ ಸದ್ದು ದೂರವಾಗುವವರೆಗೂ ನಾನು ಕೈ ಇಳಿಸಿರಲಿಲ್ಲ.

ಮನೆಗೆ ಹೋಗಿ ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

“ನಮ್ಮ ಮನಿಗೂ ಬಂದಿದ್ರು. ಕಟ್ಟಿ ಕೆಳಗ ನಿಂತು ಕೇಳಿ ಹೋದ್ರು. ಸಾಲಿ ಮಾಸ್ತರೇ ಮಗಳನ್ನ ಕಳಿಸು ಅಂದಮ್ಯಾಲ ನಾ ಹ್ಯಾಂಗ ಒಲ್ಲೆ ಅನ್ನಲಿ?”

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ನನಗೆ ಸಿಟ್ಟು ಬಂದದ್ದು ಮಾತ್ರ ಅವರ ಮೇಲಲ್ಲ, ನನ್ನ ಅಕ್ಷರದ ಮೇಲೆ. ಅದೊಂದು ಇರದಿದ್ದರೆ ನನ್ನ ಹೆಸರೇ ಬರುತ್ತಿರಲಿಲ್ಲ ಎಂದು ಖಾತ್ರಿಯಾಗಿತ್ತು. ದೀಪಾವಳಿ ಮುಗಿಸಿ ಶಾಲೆಗೆ ಮರಳಿದವಳು ಬಳಪವನ್ನು ಎಡಗೈಗೆ ಕೊಟ್ಟೆ. ಗೆರೆ ಬಿಟ್ಟು ಜಾರುವ ಹಾಗೆ, ಕೊಂಬು ಮುರಿದ ಹಾಗೆ ಬರೆದೆ. ಮಾಸ್ತರರು ಎರಡು ಸಲ ಹೊಡೆದರು, ಮೂರನೆಯ ಸಲ ನನ್ನ ಪಾಟಿ ನೋಡುವುದನ್ನೇ ಬಿಟ್ಟರು. ಒಳಗೊಳಗೇ ಖುಷಿಪಟ್ಟೆ. ಬರುಬರುತ್ತಾ ಬಲಗೈಯೂ ಹಾಗೇ ಬರೆಯತೊಡಗಿತು. ಇವತ್ತಿಗೂ ಬ್ಯಾಂಕಿನಲ್ಲಿ ನನ್ನ ಸಹಿಯನ್ನು ಎರಡು ಸಲ ಮಾಡಿಸುತ್ತಾರೆ.

ಮರುವರ್ಷ ಶ್ರಾವಣ ಮುಗಿಯುತ್ತಿದ್ದಂತೆ ಸಾಹುಕಾರರ ಟ್ರ್ಯಾಕ್ಟರ್ ನಮ್ಮ ಕೇರಿಯ ಬಾಯಿಗೇ ಬಂದು ನಿಂತಿತು. ಹತ್ತಿ ಹೊಲ ಆಗ ಎರಡರಷ್ಟಾಗಿತ್ತು. ಯಾರೂ ಪಾಟಿ ಕೇಳಲಿಲ್ಲ, ಮಾಸ್ತರರನ್ನೂ ಕೇಳಲಿಲ್ಲ. ಆಳು ರಟ್ಟೆ ಹಿಡಿದು ನನ್ನನ್ನು ಮೇಲೆತ್ತಿ ಹಾಕಿದ. ನೋಡಿದರೆ ನಮ್ಮ ಕೇರಿಯ ಹುಡುಗಿಯರೆಲ್ಲ ಅದರಲ್ಲಿದ್ದರು, ಒಂದು ದಿನವೂ ಶಾಲೆಯ ಮುಖ ಕಾಣದವರೂ ಇದ್ದರು. ನಾನು ಮಾತ್ರ ಅಷ್ಟು ಚಂದದ ಅಕ್ಷರವನ್ನು ಸುಮ್ಮನೆ ಕೆಡಿಸಿಕೊಂಡು ಬಂದು ಕೂತಿದ್ದೆ.