ಎಸ್ಮೆರ್ಲಿನ್‌ಳ ವಿಟಮಿನ್ ಡಬ್ಬಿ

ಸಾಂತೊ ದೊಮಿಂಗೊದ ನಮ್ಮ ಓಣಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಎಸ್ಮೆರ್ಲಿನ್‌ಗೆ ಎಚ್‌ಐವಿ ಇದ್ದದ್ದು ನನಗೊಬ್ಬಳಿಗೇ ಗೊತ್ತಿತ್ತು. ಸತ್ತ ಗಂಡ ಬಿಟ್ಟುಹೋದ ರೋಗ ಅದು. ಅತ್ತೆಯ ಮನೆಯಲ್ಲೇ ಇದ್ದವಳು ಮಾತ್ರೆಗಳನ್ನು ವಿಟಮಿನ್ ಡಬ್ಬಿಗೆ ಸುರಿದಿಟ್ಟು ನುಂಗುತ್ತಿದ್ದಳು.

ಕೊರೊನಾ ಬಂತು. ಆಸ್ಪತ್ರೆಯವರು ಮೂರು ತಿಂಗಳ ಮಾತ್ರೆ ಒಟ್ಟಿಗೇ ಕೊಟ್ಟು ಎಚ್‌ಐವಿ ವಿಭಾಗವನ್ನೇ ಮುಚ್ಚಿ, ಅಲ್ಲಿ ಕೊರೊನಾ ರೋಗಿಗಳನ್ನು ಮಲಗಿಸಿದರು.

ಮರುವಾರವೇ ಡಬ್ಬಿ ಖಾಲಿ.

"ನೀನೊಬ್ಳೇ ಗಟ್ಟಿಯಾಗಿದ್ರೆ ಸಾಕೇನೇ?" ಅಂದಳು ಅತ್ತೆ ಫ್ರಾನ್ಸಿಯಾ. "ಓಣಿಯವ್ರಿಗೆಲ್ಲ ಮನೆಗೆ ಹತ್ಹತ್ತು ಹಂಚ್ಬಿಟ್ಟೆ."

ನನ್ನ ಪಾಲಿನ ಹತ್ತನ್ನು ಗುಟ್ಟಾಗಿ ವಾಪಸು ಕೊಟ್ಟೆ. "ಉಳಿದವ್ರನ್ನೂ ಕೇಳ್ಲೇನೇ?"

"ಬೇಡಕ್ಕಾ. ಯಾಕೆ ಅಂತ ಕೇಳ್ತಾರೆ. ಸತ್ರೂ ಬೇಡ."

ಆ ವಿಭಾಗ ಮತ್ತೆ ತೆರೆದದ್ದು ನವೆಂಬರಿನಲ್ಲಿ. ಅಷ್ಟರಲ್ಲಿ ಅವಳಿಗೆ ಕ್ಷಯ ಹತ್ತಿತ್ತು. ಕ್ರಿಸ್‌ಮಸ್‌ಗೆ ಮುಂಚೆಯೇ ಹೋಗಿಬಿಟ್ಟಳು.

ಒಂಬತ್ತನೆಯ ದಿನದ ಪ್ರಾರ್ಥನೆಗೆ ಇಡೀ ಓಣಿ ಸೇರಿತ್ತು. ಕಾಫಿ ಕೊಡುತ್ತ ಫ್ರಾನ್ಸಿಯಾ ಕಣ್ಣೊರೆಸಿಕೊಂಡಳು. "ನಮ್ಮಲ್ಲಿ ಒಬ್ರಿಗೂ ಕೊರೊನಾ ಬರ್ಲಿಲ್ಲ. ಎಲ್ಲಾ ನನ್ನ ಸೊಸೆ ವಿಟಮಿನ್ ಪುಣ್ಯ."

ಎಲ್ಲರೂ ಆಮೆನ್ ಅಂದರು. ನನ್ನ ಬಾಯಿಗೆ ಮಣ್ಣು ಬೀಳಲಿ, ನಾನೂ ಅಂದೆ.